ಆ ಬೆಳಕು ಎಲ್ಲಿ ಬಿದ್ದಿದೆ, ಅದನ್ನು ಹೇಳಿ

ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ 'ಲಾ ಗ್ರೆನುಯೆರ್' ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಪುಟ ಪೂರ್ತಿ 1874ರ ಪ್ಯಾರಿಸ್ ಪ್ರದರ್ಶನಕ್ಕೇ ಹೋಗಿದೆ. ಮೋನೆ ಮತ್ತು ಅವನ ಗೆಳೆಯರಿಗೆ ಇಂಪ್ರೆಷನಿಸ್ಟ್ ಅನ್ನೋ ಹೆಸರು ಬಂದ ಕಥೆಯನ್ನು ಎಷ್ಟೋ ಜನ ಬರೆದಿದ್ದಾರೆ. ನಿಮ್ಮ ಚಿತ್ರವೋ 1869ರದು. ಅದನ್ನೆಲ್ಲ ತೆಗೆದು, ಪ್ಯಾರಿಸ್ ಜನ ರೈಲು ಹತ್ತಿ ಈಜಲು, ದೋಣಿ ನಡೆಸಲು ಬರುತ್ತಿದ್ದ ಸೇನ್ ನದಿಯ ಲಾ ಗ್ರೆನುಯೆರ್ ದಡದಿಂದಲೇ ಶುರು ಮಾಡಿ.

ದೊಡ್ಡ ತೊಂದರೆ ಮುಂದಿದೆ. 'ಮಾಂತ್ರಿಕ ಬೆಳಕು', 'ಕುಣಿಯುವ ಬೆಳಕು', 'ಬೆಳಕಿನ ಕಾವ್ಯ' ಅಂತ ಬರೆದಿದ್ದೀರಿ. ಇಷ್ಟು ಓದಿದರೂ ಚಿತ್ರ ಕಣ್ಣಿಗೆ ಕಾಣಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರವನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡಿ. ಮುಂದೆ, ದೋಣಿಗಳ ಹತ್ತಿರ ನೀರು ನೆರಳಲ್ಲಿದೆ. ಒಂಟಿ ಮರದ ಪುಟ್ಟ ದ್ವೀಪದ ಆಚೆ, ದೂರದ ಮರಗಳ ಮೇಲೆ ಬಿಸಿಲು. ಮುಂದಿನ ನೆರಳು ಇರುವುದರಿಂದಲೇ ಹಿಂದಿನ ಬಿಸಿಲು ಅಷ್ಟು ಜೋರಾಗಿ ಕಾಣುತ್ತದೆ, ಅಲ್ವಾ? ಇನ್ನು ಆ ನೀರು! ಅಲೆಯ ಒಂದು ಮಗ್ಗುಲು ಆಕಾಶವನ್ನು ತೋರಿಸುತ್ತದೆ, ಇನ್ನೊಂದು ಮಗ್ಗುಲು ಮರದ ನೆರಳನ್ನು, ಮೋನೆ ಎರಡನ್ನೂ ಕಲಸಿ ನುಣುಪು ಮಾಡದೆ ಅಗಲವಾದ ಅಡ್ಡ ಗೀಟುಗಳಾಗಿ ಪಕ್ಕಪಕ್ಕದಲ್ಲೇ ಬಿಟ್ಟಿದ್ದಾನೆ. ಹತ್ತಿರ ಹೋದರೆ ಬರೀ ಬಣ್ಣ. ಸ್ವಲ್ಪ ಹಿಂದೆ ಸರಿದರೆ ನದಿ ಅಲುಗಾಡುತ್ತದೆ. ಕೂದಲನ್ನು ಲೋಹದ ಪಟ್ಟಿಯಲ್ಲಿ ಒತ್ತಿ ಹಿಡಿದ ಚಪ್ಪಟೆ ಬ್ರಷ್ ಇಲ್ಲದೆ ಇಂಥ ಗೀಟು ಕಷ್ಟ. 1841ರಲ್ಲಿ ಬಂದ ತವರದ ಟ್ಯೂಬ್ ಇಲ್ಲದಿದ್ದರೆ ಎಣ್ಣೆಬಣ್ಣವನ್ನು ನದಿಯ ದಡಕ್ಕೆ ಒಯ್ಯುವುದೇ ಕಷ್ಟವಿತ್ತು. ಇವೆಲ್ಲ ನಿಮ್ಮ ಲೇಖನದಲ್ಲಿ ಬರಬೇಕು.

ಒಂದು ತಪ್ಪೂ ಇದೆ. ಮೋನೆ 'ಮೇರುಕೃತಿ ರಚಿಸುವ ಸಂಕಲ್ಪದಿಂದ ಕುಳಿತ' ಅಂದಿದ್ದೀರಿ. 1869ರ ಸೆಪ್ಟೆಂಬರಿನಲ್ಲಿ ಗೆಳೆಯ ಬಾಜೀಲ್‌ಗೆ ಬರೆದ ಪತ್ರದಲ್ಲಿ, ಆ ಜಾಗದ ಚಿತ್ರವೊಂದನ್ನು ಮಾಡುವ ಕನಸಿದೆ, ಅದಕ್ಕಾಗಿ ಕೆಲವು ಕೆಟ್ಟ ಸ್ಕೆಚ್ ಮಾಡಿದ್ದೇನೆ ಅಂತ ಮೋನೆಯೇ ಹೇಳಿಕೊಂಡಿದ್ದಾನೆ. ಕೈಯಲ್ಲಿ ದುಡ್ಡಿಲ್ಲದ ದಿನಗಳವು. ಇದು ನಿಮ್ಮ ಸಂಕಲ್ಪಕ್ಕಿಂತ ಎಷ್ಟೋ ಚೆನ್ನಾಗಿದೆ, ಅದನ್ನೇ ಬರೆಯಿರಿ.

ಲೇಖನದಲ್ಲಿ ನನಗೆ ನಿಜಕ್ಕೂ ಖುಷಿ ಕೊಟ್ಟ ಸಾಲು ಕೊನೆಯ ಪುಟದಲ್ಲಿ ಸಿಕ್ಕಿತು: 'ರೆನ್ವಾರ್ ಕಣ್ಣು ಜನರ ಬಟ್ಟೆ ಮೇಲೆ, ಮೋನೆ ಕಣ್ಣು ನೀರಿನ ಮೇಲೆ.' ಇದು ನೀವೇ ನೋಡಿ ಬರೆದದ್ದು, ಗೊತ್ತಾಗುತ್ತದೆ. ರೆನ್ವಾರ್ ಮೋನೆಯ ಗೆಳೆಯ, ಅವನೂ ಚಿತ್ರಕಾರ; ಇಬ್ಬರೂ ಅದೇ ಬೇಸಿಗೆಯಲ್ಲಿ ಅದೇ ದಡದಲ್ಲಿ ಜೊತೆಗೆ ಬಣ್ಣ ಹಚ್ಚಿದವರು. ಅದೇ ಜಾಗದ ರೆನ್ವಾರ್ ಚಿತ್ರ ಸ್ಟಾಕ್‌ಹೋಮಿನ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಆ ಸಾಲನ್ನು ಬೆಳೆಸಿ, ಮೊದಲ ಪುಟಕ್ಕೆ ತನ್ನಿ.

ಎಂಟುನೂರು ಪದ ಸಾಕು. ಮೊದಲು ನೀರಿನ ಬಗ್ಗೆ ಒಂದು ಪ್ಯಾರಾ ಬರೆದು ಅದನ್ನಷ್ಟೇ ಕಳಿಸಿದರೂ ಸರಿ, ಓದಿ ಹೇಳುತ್ತೇನೆ.