ಪಡುಗೋಡೆಯ ಕಿಟಕಿ ಬಿಡಬೇಡಿ
ಉಡುಪಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಮಳೆ ಹೊಡೆಯುತ್ತದೆ ಅಂತ ಪಡುಗೋಡೆಗೆ, ಅಂದರೆ ಪಶ್ಚಿಮದ ಗೋಡೆಗೆ, ಕಿಟಕಿಯೇ ಬೇಡ ಅನ್ನುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇಡಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬರುವುದು ಆ ಕಡೆಯಿಂದಲೇ, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ಕಡಲಗಾಳಿ ಬರುವುದೂ ಅಲ್ಲಿಂದಲೇ ಅಲ್ವಾ?

ಮಂಗಳೂರಿನ ನಮ್ಮ ಮನೆಯಲ್ಲಿ ಆ ಗೋಡೆ ಪೂರ್ತಿ ಮುಚ್ಚಿಸಿದೆವು. ಈಗ ಊಟಕ್ಕೆ ಕೂತರೆ ಬೆನ್ನಿಗೆ ಅಂಗಿ ಅಂಟುತ್ತದೆ. ಅಜ್ಜಿಯ ಹಂಚಿನ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಮಾಡು ಗೋಡೆಯಿಂದ ಮೂರಡಿ ಮುಂದಕ್ಕೆ ಇಳಿದಿತ್ತು, ಮಳೆಗೂ ಕಿಟಕಿ ತೆರೆದೇ ಇರುತ್ತಿತ್ತು.

ಹಾಗಾಗಿ ಕಿಟಕಿ ಮೇಲಿನ ಸಜ್ಜೆ ಅಗಲ ಇಡಿ. ಎದುರಿನ ಮೂಡುಗೋಡೆಗೂ ಒಂದು ಕಿಟಕಿ ಬೇಕು, ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸುಮ್ನೆ. ಎರಡು ಬಾಗಿಲಿನ ಸ್ಲೈಡಿಂಗ್ ಹಾಕಿಸಿದರೆ ಅರ್ಧ ಮಾತ್ರ ತೆರೆಯುತ್ತದೆ, ನಾನಾದರೆ ಹಾಕಿಸುವುದಿಲ್ಲ.

ಇನ್ನೊಂದು, ಮರದ ಬಾಗಿಲಿಗೆ ಸ್ವಲ್ಪ ಸಂದು ಬಿಡಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ದೇವರಕೋಣೆಯ ಬಾಗಿಲು ಉಬ್ಬಿ, ದಿನಾ ಭುಜ ಕೊಟ್ಟು ತಳ್ಳಬೇಕು.