ಎರಡು ಹಂಗಾಮು ಬರಿಗೈ: ದೋಣಿ ಕೊಳ್ಳಬೇಕೆಂದ ಬೇಟೆಗಾರ

ಸಲಹಾರ್ಥಿಯ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇವೆ. ಬರೆದದ್ದನ್ನು ಅವರೂ ಅವರ ಹೆಂಡತಿಯೂ ಓದಿ ಒಪ್ಪಿದ್ದಾರೆ. ನಮ್ಮಿಬ್ಬರಲ್ಲಿ ಒಬ್ಬರು ಆಪ್ತಸಲಹೆಗಾರರು, ಇನ್ನೊಬ್ಬರು ದೋಣಿ ಮತ್ತು ನೀರುಹಕ್ಕಿ ಬೇಟೆಯ ವಿಚಾರ ಬಲ್ಲವರು. ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಬಾತು ಹೊಡೆಯುವುದು ಅಪರಾಧ. ಇಲ್ಲಿ ಬರುವುದೆಲ್ಲ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪಶ್ಚಿಮ ಅಂಚಿನ ಮಾತು. ಅಲ್ಲಿ ಮಿಸಿಸಿಪ್ಪಿ ನದಿಯ ಹಿನ್ನೀರಿನಲ್ಲಿ ಪರವಾನಗಿ, ಹಂಗಾಮು, ದಿನದ ಮಿತಿ ಎಲ್ಲವೂ ಇರುವ ಬೇಟೆ ನಡೆಯುತ್ತದೆ.

ಸಲಹಾರ್ಥಿಗೆ 41 ವರ್ಷ. ಹುಟ್ಟಿದ್ದು ಕೊಡಗಿನಲ್ಲಿ, ಈಗ ವಿಸ್ಕಾನ್ಸಿನ್‌ನಲ್ಲಿ ಇಂಜಿನಿಯರ್. ವಿಡಿಯೊ ಕರೆಯಲ್ಲಿ ಗಂಡ ಹೆಂಡತಿ ಜೊತೆಯಾಗಿ ಕುಳಿತಿದ್ದರು. ಅವರ ಮೊದಲ ಮಾತು ಹೀಗಿತ್ತು: "ಮೇಡಂ, ದೋಣಿ ತಗೊಳ್ಳಲಾ, ಇಲ್ಲಾ ಕೋವಿ ಮಾರಿ ಸುಮ್ಮನಾಗಲಾ? ಎರಡರಲ್ಲಿ ಒಂದು ಹೇಳಿಬಿಡಿ." ಹೆಂಡತಿ ಪಕ್ಕದಿಂದಲೇ ಹೇಳಿದರು: "ದೋಣಿ ಬಂದ್ರೆ ಇವ್ರು ಇನ್ನೂ ಬೇಗ ಎದ್ದು ಹೋಗ್ತಾರೆ, ಇನ್ನೂ ಮುಖ ಸಣ್ಣ ಮಾಡ್ಕೊಂಡು ಬರ್ತಾರೆ. ನನಗೇನೂ ಬೇರೆ ಆಗತ್ತೆ ಅನ್ನಿಸಲ್ಲ."

ಮೂರು ವರ್ಷದ ಹಿಂದೆ ಒಬ್ಬ ಸಹೋದ್ಯೋಗಿ ಅವರನ್ನು ತನ್ನ ದೋಣಿಯಲ್ಲಿ ಕರೆದೊಯ್ದು ಬೇಟೆ ಕಲಿಸಿದ್ದ. ಆ ಹಂಗಾಮಿನಲ್ಲಿ ಬಾತು ಚೆನ್ನಾಗಿಯೇ ಸಿಕ್ಕವು. ಆಮೇಲೆ ಸ್ನೇಹಿತ ಟೆಕ್ಸಸ್‌ಗೆ ವರ್ಗವಾಗಿ ಹೋದ. ಮುಂದಿನ ಎರಡು ಹಂಗಾಮು ಇವರು ಒಬ್ಬರೇ ದಡದಲ್ಲಿ ನಿಂತು 19 ಬೆಳಗು ಕಳೆದರು. ಸಿಕ್ಕಿದ್ದು ಒಟ್ಟು ಎರಡು ಹಕ್ಕಿ. ಭಾನುವಾರ ಊರಿಂದ ಅಪ್ಪ ಫೋನು ಮಾಡಿ "ಎಷ್ಟು ಬಿತ್ತು?" ಎಂದು ಕೇಳುತ್ತಾರೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಗೆದ್ದವನಿಗೆ ಆ ಪ್ರಶ್ನೆ ನುಂಗಲಾರದ್ದಾಗಿತ್ತು. ಕಳೆದ ನವೆಂಬರಿನಲ್ಲಿ ಅವರು ಆ ಕರೆಗಳನ್ನು ತೆಗೆಯುವುದನ್ನೇ ಬಿಟ್ಟಿದ್ದರು.

ಅವರ ಲೆಕ್ಕ ಸರಳವಾಗಿತ್ತು. ದೋಣಿ ಇದ್ದಾಗ ಬಾತು ಸಿಕ್ಕವು, ದೋಣಿ ಹೋದಮೇಲೆ ಸಿಗಲಿಲ್ಲ. ಆದರೆ ದೋಣಿಯ ಜೊತೆಗೆ ಸ್ನೇಹಿತನೂ ಹೋಗಿದ್ದನಲ್ಲ! ಅವನು ಏನೇನು ಮಾಡುತ್ತಿದ್ದ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳಲು ಹೇಳಿದೆವು. ವಾರಕ್ಕೆ ಎರಡು ಸಂಜೆ ಅವನು ಬೈನಾಕ್ಯುಲರ್ ಹಿಡಿದು ನದಿಯಂಚಿನ ಗುಡ್ಡದ ಮೇಲೆ ನಿಂತು, ಹಕ್ಕಿ ಎಲ್ಲಿ ಇಳಿಯುತ್ತವೆ ಎಂದು ನೋಡಿಬರುತ್ತಿದ್ದ. ಶನಿವಾರ ಎಲ್ಲಿಗೆ ಹೋಗುವುದೆಂದು ತೀರ್ಮಾನವಾಗುತ್ತಿದ್ದದ್ದು ಗುರುವಾರ ಸಂಜೆ. ಅದು ಇವರ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಆ ಸಂಜೆಗಳಲ್ಲಿ ಇವರು ಜೊತೆಗಿರಲಿಲ್ಲ.

ಮೊದಲ ಮನೆಗೆಲಸವಾಗಿ 19 ಬೆಳಗನ್ನೂ ಮೂರು ಕಾಲಮ್ಮಿಗೆ ಹಂಚಲು ಹೇಳಿದೆವು. ಫೋನಿನ ಚಿತ್ರಗಳು, ಹೆಂಡತಿಗೆ ಕಳಿಸಿದ ಮೆಸೇಜುಗಳು ನೆನಪಿಗೆ ಆಸರೆಯಾದವು. ಹಕ್ಕಿ ಹತ್ತಿರಕ್ಕೇ ಬಾರದ ಬೆಳಗು 7. ಹಕ್ಕಿ ಬಂದು, ಅರ್ಧ ಸುತ್ತು ಹಾಕಿ, ಈಡಿನ ಅಳತೆಗೆ ಬಾರದೆ ತಿರುಗಿಹೋದದ್ದು 8. ಅಳತೆಯೊಳಗೆ ಬಂದು ಈಡು ಹೊಡೆದದ್ದು 4. ಇವರಿಗೆ ಸಿಕ್ಕ ಎರಡೂ ಹಕ್ಕಿ ಈ ನಾಲ್ಕರಲ್ಲಿ ಸಿಕ್ಕಿದ್ದು, ಉಳಿದ ಈಡುಗಳೆಲ್ಲ ತಪ್ಪಿದ್ದವು.

ದೋಣಿ ಪರಿಹರಿಸಬಲ್ಲದ್ದು ಮೊದಲ ಕಾಲಮ್ಮನ್ನು ಮಾತ್ರ, ಅದನ್ನೂ ಪೂರ್ತಿ ಅಲ್ಲ. ಆ ಏಳರಲ್ಲಿ ನಾಲ್ಕು ಸಲ ಅವರು ನಿಂತಿದ್ದು ವಾಹನ ನಿಲ್ಲಿಸುವ ಜಾಗದಿಂದ ನೂರು ಹೆಜ್ಜೆಯ ಅದೇ ದಡದಲ್ಲಿ. ಊರವರೆಲ್ಲ ಅಲ್ಲೇ ನಿಲ್ಲುತ್ತಾರೆ, ಹಕ್ಕಿಗಳು ಒಂದೇ ವಾರದಲ್ಲಿ ಅದನ್ನು ಕಲಿತುಬಿಡುತ್ತವೆ. ಉಳಿದ ಮೂರು ಸಲ ಮಾತ್ರ ಕಾಲುವೆಯಾಚೆ, ನಡೆದು ಮುಟ್ಟಲಾಗದ ಜೊಂಡಿನಲ್ಲಿ ಹಕ್ಕಿ ಇಳಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದರೆ ದೋಣಿ ಇದ್ದಿದ್ದರೆ 19ರಲ್ಲಿ 3 ಬೆಳಗು ಬೇರೆಯಾಗುತ್ತಿದ್ದವು. ಈ ಅಂಕಿಯನ್ನು ಅವರು ಸ್ವಂತ ಕೈಯಲ್ಲಿ ಬರೆದದ್ದರಿಂದ ನಮ್ಮ ಜೊತೆ ವಾದಕ್ಕೆ ಇಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಎಂಟು ಸಲ ಅವು ತಿರುಗಿಹೋಗಿದ್ದು ನನ್ನಿಂದಲೇ" ಎಂದರು.

ಎರಡನೇ ಕಾಲಮ್ಮಿಗೆ ಹೆಚ್ಚು ಹೊತ್ತು ಕೊಟ್ಟೆವು, ಏಕೆಂದರೆ ಅದರ ರಿಪೇರಿಗೆ ದುಡ್ಡು ಬೇಡ. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ಬೆನ್ನಿಗೆ ಅಥವಾ ಪಕ್ಕಕ್ಕೆ ಬರುವಂತೆ ಕೂರಬೇಕು. ಇವರು ಸೂರ್ಯೋದಯ ನೋಡಲು ಸದಾ ಪೂರ್ವಕ್ಕೆ ಮುಖಮಾಡಿ ಕೂರುತ್ತಿದ್ದರು. ಬಿಸಿಲು ನೇರ ಮುಖಕ್ಕೆ ಬಿದ್ದು, ಮೇಲಿಂದ ನೋಡುವ ಹಕ್ಕಿಗೆ ಆ ಮುಖ ಹೊಳೆಯುವ ತಟ್ಟೆಯಂತೆ ಕಾಣುತ್ತದೆ. ಮುಖಕ್ಕೆ ತೆಳು ಬಲೆಬಟ್ಟೆ, ತಲೆ ಎತ್ತದೆ ಟೋಪಿಯ ಅಂಚಿನಡಿಯಿಂದ ನೋಡುವುದು, ಇಷ್ಟರಿಂದಲೇ ಬಹಳ ವ್ಯತ್ಯಾಸವಾಗುತ್ತದೆ. ತೇಲಿಬಿಡುವ ಪ್ಲಾಸ್ಟಿಕ್ ಬಾತುಗಳನ್ನು, ಅಲ್ಲಿನವರು ಡಿಕಾಯ್ ಅನ್ನುವುದನ್ನು, ಇವರು ಒಂದೇ ಸಾಲಿಗೆ ಬಿಡುತ್ತಿದ್ದರು. ಎರಡು ಗುಂಪು ಮಾಡಿ ನಡುವೆ ಹತ್ತು ಮೀಟರು ಖಾಲಿ ನೀರು ಬಿಡಬೇಕು, ಹಕ್ಕಿಗೆ ಇಳಿಯಲು ಜಾಗ ಬೇಕಲ್ಲ. ಅತಿ ದೂರದ ಡಿಕಾಯ್ 30 ಮೀಟರಿಗಿಂತ ಆಚೆ ಇರಬಾರದು. ಅದನ್ನು ದಾಟಿದ ಹಕ್ಕಿಗೆ ಕೋವಿ ಎತ್ತುವುದಿಲ್ಲ ಎಂಬ ಗಡಿಯೂ ಅದೇ. ಗಾಳಿಯಿಲ್ಲದ ದಿನ ಡಿಕಾಯ್ ಅಲುಗದೆ ನಿಂತರೆ ಹಕ್ಕಿಗೆ ಅನುಮಾನ ಬರುತ್ತದೆ. ನಾಲ್ಕು ಡಿಕಾಯ್ ಕಟ್ಟಿದ ಹಗ್ಗದ ಒಂದು ತುದಿಗೆ ರಬ್ಬರ್ ಎಳೆ ಹಾಕಿ ಗೂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಕೂತಲ್ಲಿಂದ ಜಗ್ಗುತ್ತಿದ್ದರೆ ನೀರು ಅಲೆಯಾಡುತ್ತದೆ. ಒಂದು ಡಜನ್ ಸಾಕು, ಮೂರು ಡಜನ್ ಹೊತ್ತೊಯ್ಯುವ ಅಗತ್ಯವಿಲ್ಲ.

ಮೂರನೇ ಕಾಲಮ್ಮಿನ ಬಗ್ಗೆ ಅವರಿಗೆ ಹೆಚ್ಚು ನಾಚಿಕೆಯಿತ್ತು. ನಾಚಿಕೆಪಡಬೇಕಾದ್ದು ಏನೂ ಇಲ್ಲ. ನಿಂತ ತೆಂಗಿನಕಾಯಿಗೆ ಗುರಿ ಹಿಡಿಯುವ ಅಭ್ಯಾಸವೇ ಹಾರುವ ಹಕ್ಕಿಗೆ ಅಡ್ಡಿಯಾಗುತ್ತದೆ. ಗುರಿ ಕಂಡೊಡನೆ ಕೋವಿಯನ್ನು ನಿಲ್ಲಿಸಿ ಕುದುರೆ (ಟ್ರಿಗರ್) ಎಳೆದರೆ ಈಡು ಹಕ್ಕಿಯ ಬಾಲದ ಹಿಂದೆ ಹೋಗುತ್ತದೆ. ಹಕ್ಕಿಯ ಹಿಂದಿನಿಂದ ಕೋವಿ ತೂಗಿ, ಮುಂದೆ ಹಾಯಿಸಿ, ಹೊಡೆದ ಮೇಲೂ ತೂಗುವುದನ್ನು ನಿಲ್ಲಿಸಬಾರದು. ಜುಲೈ, ಆಗಸ್ಟಿನಲ್ಲಿ ಮಣ್ಣಿನ ಬಿಲ್ಲೆ ಹಾರಿಸುವ ರೇಂಜಿನಲ್ಲಿ 25 ಬಿಲ್ಲೆಯ ಸುತ್ತುಗಳನ್ನು ಎಂಟು ಸಲ ಹೊಡೆಯಲು ಹೇಳಿದೆವು. ಜೊತೆಗೆ ಒಂದು ಕಾಗದದ ಪರೀಕ್ಷೆ: ಅಮೆರಿಕದಲ್ಲಿ ನೀರುಹಕ್ಕಿಗೆ ಸೀಸದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, 1991ರಿಂದ ದೇಶದಾದ್ಯಂತ ನಿಷಿದ್ಧ, ಉಕ್ಕಿನ ಚರೆ ಬಳಸುತ್ತಾರೆ. ಉಕ್ಕು ಹಗುರ, ದೂರಕ್ಕೆ ಬಲ ಬೇಗ ಕಳೆದುಕೊಳ್ಳುತ್ತದೆ. 32 ಮೀಟರಿನಲ್ಲಿ ದೊಡ್ಡ ಕಾಗದಕ್ಕೆ ಒಂದು ಈಡು ಹೊಡೆದು, 75 ಸೆಂಟಿಮೀಟರ್ ಅಗಲದ ವೃತ್ತದಲ್ಲಿ ಚರೆ ಎಷ್ಟು ಬಿದ್ದಿದೆ, ಎಲ್ಲಿ ಖಾಲಿ ಇದೆ ಎಂದು ನೋಡಬೇಕು. ಚರೆ ಎಷ್ಟು ಹರಡಬೇಕೆಂದು ನಿರ್ಧರಿಸುವ, ನಾಳದ ತುದಿಯ ಚೋಕ್ ಬದಲಿಸಿ ಇನ್ನೊಮ್ಮೆ. ಗಾಯಗೊಂಡು ಜೊಂಡಿನಲ್ಲಿ ಅಡಗಿ ಸಾಯುವ ಹಕ್ಕಿಯ ವಿಚಾರ ನಮಗೆ ಲಘುವಲ್ಲ. ಈ ಪರೀಕ್ಷೆ ಅದಕ್ಕಾಗಿಯೂ ಬೇಕು.

ಇಷ್ಟಾದ ಮೇಲೂ ದೋಣಿಯ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಆ ಮೂರು ಬೆಳಗು ನಿಜ. ಅವರು ಇರುವ ಕಡೆ ದೋಣಿಗೆ ಅರ್ಥವೂ ಇದೆ. 1924ರಲ್ಲಿ ಸ್ಥಾಪನೆಯಾದ ಮೇಲ್ಮಿಸಿಸಿಪ್ಪಿ ರಾಷ್ಟ್ರೀಯ ವನ್ಯಜೀವಿ ಮತ್ತು ಮೀನು ಆಶ್ರಯಧಾಮ ಆ ನದಿಯುದ್ದಕ್ಕೂ 261 ಮೈಲಿ ಹಬ್ಬಿದೆ. ಅದರ ದ್ವೀಪ, ಕವಲು, ಹಿನ್ನೀರುಗಳಲ್ಲಿ ಹೆಚ್ಚಿನವು ರಸ್ತೆಗೆ ಸಿಗುವುದಿಲ್ಲ.

ಅವರು ಮನಸ್ಸಿಟ್ಟಿದ್ದು 14 ಅಡಿ ಉದ್ದ, 36 ಇಂಚು ತಳದ ಚಪ್ಪಟೆ ಅಲ್ಯುಮಿನಿಯಂ ದೋಣಿ, 15 ಅಶ್ವಶಕ್ತಿಯ ಮೋಟಾರು, ಟ್ರೇಲರು. ಹಳೆಯದು, ಬೆಲೆ 5,200 ಡಾಲರ್. ಒಳಬದಿಗೆ ಅಂಟಿಸಿದ ತಗಡಿನಲ್ಲಿ ಹೊರಬಲ್ಲ ಭಾರ 665 ಪೌಂಡು, ಅಂದರೆ ಸುಮಾರು 300 ಕಿಲೋ ಎಂದಿತ್ತು. ನಾವು ಅವರಿಂದಲೇ ಭಾರ ಕೂಡಿಸಿದೆವು. ಚಳಿ ಉಡುಪು, ನೀರಿಗಿಳಿಯಲು ತೊಡುವ ಎದೆಮಟ್ಟದ ರಬ್ಬರ್ ಉಡುಪಾದ ವೇಡರ್ ಸಮೇತ ಅವರು 95 ಕಿಲೋ, ಜೊತೆಗಾರ 100. ಮೋಟಾರು 50, ತುಂಬಿದ ಪೆಟ್ರೋಲ್ ಟ್ಯಾಂಕ್ 20, ಬ್ಯಾಟರಿ 22, ಮೂರು ಡಜನ್ ಡಿಕಾಯ್ ತೂಕದ ಗುಂಡುಗಳೊಂದಿಗೆ 35, ಕೋವಿ ತೋಟಾ ಚೀಲ 20, ಮರೆಯ ಚೌಕಟ್ಟು 20, ಲಂಗರು 8. ಒಟ್ಟು 370. ತಗಡಿನ ಅಂಕಿ ಶಾಂತ ನೀರಿಗೆ ಕೊಟ್ಟದ್ದು, ನವೆಂಬರಿನ ಗಾಳಿಗಲ್ಲ. ಇಬ್ಬರು ಹೋಗುವುದಾದರೆ 16 ಅಡಿ, 48 ಇಂಚು ತಳದ ದೋಣಿ ಬೇಕು. ಅದನ್ನು ಕತ್ತಲಲ್ಲಿ ಜಾರುಗಟ್ಟೆಯಿಂದ ಒಬ್ಬರೇ ಇಳಿಸಿ ಏರಿಸುವುದು ಕಷ್ಟ, ಬೆಲೆಯೂ ಹೆಚ್ಚು.

ಹಣದ ಲೆಕ್ಕ ಹೆಂಡತಿಯೇ ಹಾಕಿದರು. ಐದು ವರ್ಷದ ಮೇಲೆ 3,000ಕ್ಕೆ ಮಾರಿದರೆ ಕಳೆದುಹೋಗುವುದು 2,200. ನೋಂದಣಿ, ವಿಮೆ, ಮೋಟಾರಿನ ಸರ್ವಿಸು, ಟ್ರೇಲರ್ ಚಕ್ರದ ಬೇರಿಂಗಿಗೆ ಗ್ರೀಸು, ಟಯರು ಎಲ್ಲ ಸೇರಿ ವರ್ಷಕ್ಕೆ 500ರಂತೆ 2,500. ಹಂಗಾಮು 60 ದಿನವಾದರೂ ಮಗಳ ಕ್ಲಾಸು, ಕೆಲಸ ಕಳೆದು ಇವರಿಗೆ ಸಿಗುವುದು ವರ್ಷಕ್ಕೆ ಹತ್ತು ಬೆಳಗು. 4,700ನ್ನು 50ರಿಂದ ಭಾಗಿಸಿದರೆ ಬೆಳಗೊಂದಕ್ಕೆ 94 ಡಾಲರ್. ಅದು ಅವರಿಗೆ ಭಾರಿ ಮೊತ್ತವಲ್ಲ. ಹೆಂಡತಿಯನ್ನು ಕಾಡಿದ್ದು ಬೆಳಗಿನ ಮೂರು ಗಂಟೆ ಮತ್ತು ನೀರು.

ನೀರಿನ ಭಯ ಸರಿಯಾದದ್ದೇ, ಅದನ್ನು ಸಮಾಧಾನದ ಮಾತಿನಿಂದ ಮುಚ್ಚಲಿಲ್ಲ. 1940ರ ನವೆಂಬರ್ 11ರಂದು ಬೆಳಿಗ್ಗೆ ಬೆಚ್ಚಗಿದ್ದ ಹವೆ ಮಧ್ಯಾಹ್ನಕ್ಕೆ ಹಿಮಗಾಳಿಯಾಗಿ, ಮಿನ್ನೆಸೋಟವೊಂದರಲ್ಲೇ 49 ಜನ ಸತ್ತರು. ಅವರಲ್ಲಿ ಸುಮಾರು ಅರ್ಧ ಬಾತು ಬೇಟೆಗಾರರು, ಇದೇ ನದಿಯ ದ್ವೀಪಗಳಲ್ಲಿ ಸಿಕ್ಕಿಬಿದ್ದವರೂ ಇದ್ದರು. ತಣ್ಣೀರಿಗೆ ಬಿದ್ದವರಿಗೆ ಒಂದು, ಹತ್ತು, ಒಂದು ಎಂಬ ಲೆಕ್ಕ ನೆನಪಿರಬೇಕು. ಉಸಿರು ಹಿಡಿತಕ್ಕೆ ತರಲು ಒಂದು ನಿಮಿಷ, ಕೈಬೆರಳು ಕೆಲಸ ಮಾಡುವುದು ಹತ್ತು ನಿಮಿಷ, ಮೈಶಾಖ ಕುಸಿದು ಎಚ್ಚರ ತಪ್ಪಲು ಸುಮಾರು ಒಂದು ಗಂಟೆ. ಜೀವರಕ್ಷಕ ಜಾಕೆಟ್ ಸೀಟಿನಡಿ ಇದ್ದರೆ ಆ ಹತ್ತು ನಿಮಿಷದಲ್ಲಿ ತೊಡಲಾಗದು, ಹೊರಡುವಾಗಲೇ ಮೈಮೇಲಿರಬೇಕು. ವೇಡರ್ ಒಳಗೆ ನೀರು ತುಂಬಿದರೆ ಕಲ್ಲಿನಂತೆ ಎಳೆಯುತ್ತದೆ ಎಂಬುದು ತಪ್ಪು ನಂಬಿಕೆ. ನೀರೊಳಗೆ ನೀರಿಗೆ ಭಾರವಿಲ್ಲ. ಆದರೆ ಹತ್ತಿ ಬರುವಾಗ ಆ ಭಾರ ಪೂರ್ತಿ ಮೈಮೇಲೆ ಬೀಳುತ್ತದೆ, ಅದಕ್ಕೇ ನೀರು ಒಳನುಗ್ಗದಂತೆ ಸೊಂಟದ ಬೆಲ್ಟು ಬಿಗಿದಿರಬೇಕು.

ಮಿಸಿಸಿಪ್ಪಿಯ ಈ ಭಾಗಕ್ಕೆ ತನ್ನದೇ ಕಾಟಗಳಿವೆ. ಮುಖ್ಯ ಕಾಲುವೆಯ ಅಂಚಿನಲ್ಲಿ ನೀರಿನಡಿ ಕಲ್ಲಿನ ಒಡ್ಡುಗಳಿವೆ, ಪ್ರೊಪೆಲರ್ ಮುರಿಯುವುದು ಅಲ್ಲೇ. ಹಿನ್ನೀರಿನಲ್ಲಿ ಮರದ ಬೊಡ್ಡೆಗಳು. ಸಣ್ಣ ದೋಣಿಯಲ್ಲಿ ಮೋಟಾರು ಓಡುವಾಗ ಕೋವಿಯಲ್ಲಿ ತೋಟಾ ಇರಕೂಡದು. ಮೋಟಾರು ನಿಂತು, ದೋಣಿಯ ಓಟವೂ ಪೂರ್ತಿ ನಿಂತ ಮೇಲೆಯೇ ಈಡು, ಇದು ಕೇಂದ್ರ ಕಾನೂನು. ವಿಸ್ಕಾನ್ಸಿನ್‌ನಲ್ಲಿ ತೆರೆದ ನೀರಿನ ನಡುವೆ ದೋಣಿ ನಿಲ್ಲಿಸಿ ಬೇಟೆಯಾಡಲು ಪಟ್ಟಿಯಲ್ಲಿರುವ ಕೆಲವೇ ಕಡೆ ಅವಕಾಶ, ಉಳಿದೆಡೆ ಜೊಂಡಿನ ಮರೆ ಇರಲೇಬೇಕು. ದೋಣಿಯಿದ್ದರೆ ಎಲ್ಲಿ ಬೇಕಾದರೂ ನಿಲ್ಲಬಹುದು ಎಂದು ಇವರು ಅಂದುಕೊಂಡಿದ್ದರು.

ಕೊನೆಗೆ ನಾವು ಕೊಟ್ಟ ಸಲಹೆ: ಈ ಹಂಗಾಮಿಗೆ ಮೋಟಾರು ದೋಣಿ ಬೇಡ. 400 ಡಾಲರಿನೊಳಗೆ ಹಳೆಯ 16 ಅಡಿ ಕನೂ, ಅಂದರೆ ಮೋಟಾರಿಲ್ಲದ ಕಿರಿದಾದ ದೋಣಿ, ಕೊಳ್ಳಿ, ಹುಟ್ಟುಹಾಕಿ ಹೋಗಿ. ಮುಖ್ಯ ಕಾಲುವೆ ದಾಟಬೇಡಿ, ಹಿನ್ನೀರಿನ ಕಿರಿದಾದ ಕವಲುಗಳಷ್ಟೇ. ಕನೂವಿನಿಂದ ಈಡು ಹೊಡೆಯುವುದು ಬೇಡ, ಅದು ಮಗುಚುತ್ತದೆ. ದ್ವೀಪಕ್ಕೆ ಹೋಗಿ, ಎಳೆದು ಮೇಲೆ ಹಾಕಿ, ನೆಲದಲ್ಲಿ ಕೂತು ಹೊಡೆಯಿರಿ. ಪ್ರತಿ ಬೇಟೆಗೆ ಮುಂಚೆ ಒಂದು ಸಂಜೆ ನೋಡಿಬರುವುದು ಕಡ್ಡಾಯ. ಆ ಸಂಜೆ ಮಗಳನ್ನೂ ಕರೆದೊಯ್ಯಬಹುದು ಎಂಬ ಮಾತು ಹೆಂಡತಿಯಿಂದ ಬಂತು, ನಮಗೂ ತುಂಬ ಹಿಡಿಸಿತು. ಎಲ್ಲಿಗೆ, ಎಷ್ಟೊತ್ತಿಗೆ ವಾಪಸು ಎಂಬ ಚೀಟಿ ಫ್ರಿಜ್ಜಿನ ಮೇಲೆ. 11 ಗಂಟೆಗೆ ಫೋನು ಬಾರದಿದ್ದರೆ ಯಾರಿಗೆ ಕರೆ ಮಾಡಬೇಕೆಂಬ ನಂಬರೂ ಅದರಲ್ಲೇ. ನೋಟ್‌ಬುಕ್ಕಿನ ಮೂರು ಕಾಲಮ್ಮಿಗೆ ನಾಲ್ಕನೆಯದು ಸೇರಿತು: "ಹಕ್ಕಿ ಕಂಡೆ, ಕನೂವಿನಲ್ಲೂ ಮುಟ್ಟಲಾಗಲಿಲ್ಲ." ಹತ್ತು ಬೆಳಗಿನಲ್ಲಿ ಆ ಕಾಲಮ್ಮಿಗೆ ನಾಲ್ಕು ಬಂದರೆ ಮೋಟಾರು ದೋಣಿ ಸರಿಯಾದ ಖರ್ಚು, ಆಗ ಇನ್ನೊಬ್ಬರ ಜೊತೆ ಪಾಲಿನಲ್ಲಿ ಕೊಳ್ಳಬೇಕು. ಜೊತೆಗಾರನೂ ಅವರಿಗೆ ಬೇಕಾಗಿದ್ದಾನೆ. ಸ್ನೇಹಿತ ಹೋದದ್ದರ ನೋವನ್ನು ಅವರು ಮೂರನೇ ಸಿಟ್ಟಿಂಗಿನವರೆಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪನ ಕರೆಗೆ ಉತ್ತರವನ್ನೂ ಅಭ್ಯಾಸ ಮಾಡಿದೆವು. ಎಣಿಕೆಯ ಬದಲು ಕಂಡದ್ದನ್ನು ಹೇಳುವುದು: ನವೆಂಬರಿನಲ್ಲಿ ನೀರಸೊಪ್ಪಿನ ಗೆಡ್ಡೆ ತಿನ್ನಲು ಇಳಿಯುವ ಕ್ಯಾನ್ವಾಸ್‌ಬ್ಯಾಕ್ ಬಾತುಗಳು, ಟಂಡ್ರಾ ಹಂಸಗಳು. ಮೊದಲ ಭಾನುವಾರ ಅಪ್ಪ ಅರ್ಧ ಗಂಟೆ ಪ್ರಶ್ನೆ ಕೇಳಿದರಂತೆ.

ಇದನ್ನು ಬರೆಯುವ ಹೊತ್ತಿಗೆ ಆರು ಬೆಳಗು ಮುಗಿದಿವೆ. ಐದು ಹಕ್ಕಿ ಸಿಕ್ಕಿವೆ, ನಾಲ್ಕನೇ ಕಾಲಮ್ಮಿನಲ್ಲಿ ಎರಡು ಗುರುತಿವೆ. ಅಂಕಿ ನಾಲ್ಕಕ್ಕೆ ಮುಟ್ಟಿದರೆ ಮಾರ್ಚಿನಲ್ಲಿ ದೋಣಿ ನೋಡಲು ಹೋಗುತ್ತಾರೆ, ಅದಕ್ಕೆ ಬೇಕಾದ ಪಟ್ಟಿ ಈಗಲೇ ಕೊಟ್ಟಿದ್ದೇವೆ. ದೋಣಿಯೊಳಗೆ ಒಂದಿಷ್ಟು ನೀರು ತುಂಬಿಸಿ ಹದಿನೈದು ನಿಮಿಷ ಟ್ರೇಲರ್ ಮೇಲೆ ಬಿಟ್ಟರೆ ರಿವೆಟ್ ಸೋರುವುದು ಹೊರಗಿನಿಂದ ಕಾಣುತ್ತದೆ. ಮೋಟಾರು ಕೂರುವ ಹಿಂಬದಿ ಹಲಗೆಯ ಮರ ಕೊಳೆತಿದೆಯೇ ಎಂದು ಮೋಟಾರನ್ನು ಮೇಲೆತ್ತಿ ಒತ್ತಿ ನೋಡಬೇಕು, ಹಲಗೆ ಬಾಗಿದರೆ ಅಲ್ಲಿಗೇ ಬಿಟ್ಟುಬಿಡುವುದು. ಕೆಳಗಿನ ಗೇರ್ ಪೆಟ್ಟಿಗೆಯ ತಿರುಪು ಸಡಿಲಿಸಿ ಎಣ್ಣೆ ಒಂದು ಹನಿ ಇಳಿಸಬೇಕು. ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳುತ್ತದೆ. ನೀರು ಬಸಿಯುವ ಬಿರಡೆ ಎರಡು ಕೊಂಡು, ಒಂದನ್ನು ಕಾರಿನ ಬೀಗದ ಕೈಗೊಂಚಲಿಗೆ ಕಟ್ಟಿಡುವುದು. ಅದನ್ನು ಹಾಕದೆ ದೋಣಿ ಇಳಿಸುವುದು ಕತ್ತಲಿನ ಜಾರುಗಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು.