ಆ ಕಪ್ಪು ಸ್ಕ್ರೀನ್ ಆದ್ಮೇಲೆ ಟೋನಿ ಏನಾದ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದಿದ್ದು, ನ್ಯೂಜೆರ್ಸಿ ಮಾಫಿಯಾ ಬಾಸ್ ಟೋನಿ ಕಥೆ ಹೇಳೋ 'ದಿ ಸೊಪ್ರಾನೋಸ್' ಸೀರೀಸ್‌ನ ಕೊನೇ ಸೀನ್ ಬಗ್ಗೆ. ಅದಕ್ಕೇ ಇಡೀ ಅಂಕಣಾನ ಅದಕ್ಕೇ ಕೊಟ್ಟಿದೀನಿ. ಇನ್ನೂ ನೋಡಿ ಮುಗಿಸಿಲ್ದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಸಿ, ನೋಡ್ಕೊಂಡ್ ಬಂದು ಆಮೇಲೆ ಓದಿ.

ಪ್ರಶ್ನೆ: ಸರ್, ದಿನಾ ರಾತ್ರಿ ಕೂತು 86 ಎಪಿಸೋಡೂ ನೋಡಿ ಮುಗಿಸ್ದೆ. ಕೊನೇಲಿ ಟೋನಿ ಹೆಂಡ್ತಿ ಮಗನ ಜೊತೆ ಹೋಟ್ಲಲ್ಲಿ ಕೂತಿರ್ತಾನೆ, ಹಾಡು ಬರ್ತಿರತ್ತೆ, ಮಗಳು ಬಾಗಿಲ ಹತ್ರ ಓಡಿ ಬರ್ತಾಳೆ, ಟಕ್ ಅಂತ ಸ್ಕ್ರೀನ್ ಕಪ್ಪಾಗಿ ಮುಗ್ದೇ ಹೋಯ್ತು! ನೆಟ್ ಹೋಯ್ತು ಅನ್ಕೊಂಡು ಎರಡ್ ಸಲ ರೀಸ್ಟಾರ್ಟ್ ಮಾಡ್ದೆ. ಅವನು ಸತ್ನಾ, ಬದುಕಿದಾನಾ? ನನಗಂತೂ ಮೋಸ ಹೋದ ಹಾಗಿದೆ.

ಉತ್ತರ: ನಿಮಗೊಬ್ರಿಗೇ ಹಾಗಾಗಿದ್ದಲ್ಲ. 2007ರ ಜೂನ್ 10ರ ರಾತ್ರಿ ಅಮೆರಿಕದಲ್ಲಿ ಎಚ್‌ಬಿಒ ಚಾನೆಲ್ಲಲ್ಲಿ ಇದು ಮೊದಲ ಸಲ ಬಂದಾಗ್ಲೂ ಎಷ್ಟೋ ಜನ ಕೇಬಲ್ ಹೋಯ್ತು ಅಂತಾನೇ ಅನ್ಕೊಂಡಿದ್ರು. ಸುಮಾರು 10 ಸೆಕೆಂಡ್ ಏನೂ ಇಲ್ಲ, ಬೆಳಕಿಲ್ಲ ಸದ್ದಿಲ್ಲ, ಆಮೇಲೆ ಹೆಸರುಗಳು ಬರೋಕೆ ಶುರುವಾಯ್ತು, ಅದೂ ಮ್ಯೂಸಿಕ್ ಇಲ್ದೇನೇ.

ನೇರವಾಗಿ ಹೇಳ್ಬಿಡ್ತೀನಿ, ನಾನು ನೋಡಿರೋ ಪ್ರಕಾರ ಟೋನಿ ಸತ್ತ. ಸುಮ್ನೆ ಊಹೆ ಮಾಡಿ ಹೇಳ್ತಿಲ್ಲ, ಆ ಸೀನ್ ಕಟ್ಟಿರೋ ರೀತೀನೇ ಹಾಗಿದೆ. ಇನ್ನೊಂದ್ ಸಲ ಹಾಕಿ ನೋಡಿ, ಈ ಸಲ ಜರ್ನಿ ಬ್ಯಾಂಡಿನ ಆ 1981ರ ಹಾಡನ್ನ ಪಕ್ಕಕ್ಕಿಟ್ಟು ಬಾಗಿಲ ಗಂಟೆ ಕಡೆ ಕಿವಿ ಇಡಿ. ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡಲ್ಲಿರೋ ಹೋಲ್ಸ್ಟನ್ಸ್ ಅನ್ನೋ ನಿಜವಾದ ಅಂಗಡಿಯಲ್ಲೇ ಶೂಟ್ ಮಾಡಿದಾರೆ. ಬಾಗಿಲು ತೆಗೆದಾಗೆಲ್ಲ ಗಂಟೆ ಟಿಣ್ ಅನ್ನತ್ತೆ, ಟೋನಿ ತಲೆ ಎತ್ತುತ್ತಾನೆ, ಮುಂದಿನ ಶಾಟಲ್ಲಿ ಅವನ ಕಣ್ಣಿಗೆ ಏನ್ ಕಾಣತ್ತೋ ಅದು ನಮಗೂ ಕಾಣತ್ತೆ. ಯಾರೋ ಹೆಂಗಸು ಬರ್ತಾಳೆ, ಆಮೇಲೆ ಹೆಂಡ್ತಿ ಕಾರ್ಮೆಲಾ, ಆಮೇಲೆ ಜಾಕೆಟ್ ಹಾಕಿರೋ ಒಬ್ಬ ಗಂಡಸು, ಅವನ ಬೆನ್ನಿಗೇ ಮಗ ಎಜೆ. ಗಂಟೆ, ಮುಖ, ಅವನು ಕಂಡಿದ್ದು. ಹೀಗೆ ಮತ್ತೆ ಮತ್ತೆ ಮಾಡಿ ಮಾಡಿ ನಮ್ಮ ಕಣ್ಣಿಗೂ ಅದು ರೂಢಿ ಆಗೋಗಿರತ್ತೆ.

ಕೊನೇ ಸಲ ಗಂಟೆ ಟಿಣ್ ಅನ್ನತ್ತೆ, ಟೋನಿ ತಲೆ ಎತ್ತುತ್ತಾನೆ, ಹಾಡಲ್ಲಿ 'ಸ್ಟಾಪ್' ಅನ್ನೋ ಪದ ಬಂದ ಕ್ಷಣಕ್ಕೇ ಕಪ್ಪು. ಲೆಕ್ಕದ ಪ್ರಕಾರ ಅಲ್ಲಿ ಬರ್ಬೇಕಾಗಿದ್ದು ಅವನು ಕಂಡಿದ್ದು ತಾನೇ? ಬಂದಿದ್ದು ಕಪ್ಪು. ಅಂದ್ರೆ ಅವನಿಗೆ ಕಂಡಿದ್ದೇ ಅದು.

ಇದನ್ನ ಮುಂಚೇನೇ ಹೇಳಿಟ್ಟಿದಾರೆ ಕೂಡ. ಕೊನೇ 9 ಎಪಿಸೋಡ್‌ಗಳಲ್ಲಿ ಮೊದಲನೇದು ನೆನಪಿದ್ಯಾ, ಟೋನಿ ಮತ್ತೆ ಅವನ ಅಕ್ಕನ ಗಂಡ ಬಾಬಿ ಕೆರೆ ಮಧ್ಯ ದೋಣಿಯಲ್ಲಿ ಕೂತು ಮಾತಾಡ್ತಿರ್ತಾರೆ, ಆಗ ಬಾಬಿ ಅಂತಾನೆ, ಅದು, ಅಂದ್ರೆ ಸಾವು, ಆಗುವಾಗ ಬಹುಶಃ ಕೇಳ್ಸೋದೂ ಇಲ್ವೇನೋ ಅಂತ. ಅದರ ಮುಂದಿನ ಎಪಿಸೋಡಲ್ಲಿ ಟೋನಿಯ ಬಲಗೈ ಬಂಟ ಸಿಲ್ವಿಯೋ ಊಟಕ್ಕೆ ಕೂತಿರ್ತಾನೆ, ಜೊತೆಲಿದ್ದವನಿಗೆ ಗುಂಡು ಬೀಳತ್ತೆ, ಸಿಲ್ವಿಯೋ ಮುಖಕ್ಕೆ ರಕ್ತ ಚಿಮ್ಮಿದ ಮೇಲೂ ಏನಾಯ್ತು ಅಂತ ಅವನಿಗೆ ತಕ್ಷಣ ಗೊತ್ತಾಗಲ್ಲ, ಸದ್ದು ತಡವಾಗಿ ಬರತ್ತೆ. ಕೊನೆಯಿಂದ ಎರಡನೇ ಎಪಿಸೋಡ್ ಮುಗಿಯೋ ಹೊತ್ತಿಗೆ ಬಾಬಿ ಸತ್ತಿರ್ತಾನೆ, ಬಾಬಿ ಬರ್ತ್‌ಡೇಗೆ ಕೊಟ್ಟಿದ್ದ ಗನ್ನನ್ನೇ ಎದೆ ಮೇಲೆ ಅವುಚಿಕೊಂಡು ಟೋನಿ ಕತ್ತಲೆ ರೂಮಲ್ಲಿ ಮಲಗ್ತಾನೆ, ಆ ದೋಣಿಯ ಮಾತು ಮತ್ತೆ ಅವನ ತಲೆಗೆ ಬರತ್ತೆ. ಅದಾದ ಮುಂದಿನ ವಾರಾನೇ ಆ ಕಪ್ಪು ಸ್ಕ್ರೀನ್. ಇಷ್ಟು ಹತ್ತಿರ ಹತ್ತಿರ ಒಂದೇ ವಿಷ್ಯ ಮೂರ್ ಸಲ ತಂದಿದಾರೆ ಅಂದ್ರೆ ಅದು ಆಕಸ್ಮಿಕ ಅಂತ ನಾನು ನಂಬಲ್ಲ.

ಮೋಸ ಅಂದ್ರಿ. ನನಗೆ ಹಾಗನ್ಸಲ್ಲ. 1999ರಿಂದ ಈ ಸೀರೀಸಲ್ಲಿ ಎಷ್ಟೋ ಸಾವು ನೋಡಿದ್ವಿ, ಎಲ್ಲಾನೂ ಹೊರಗಿಂದ, ಆರಾಮಾಗಿ ಕೂತು. ಇದೊಂದನ್ನ ಮಾತ್ರ ಒಳಗಿಂದ ತೋರಿಸಿದ್ರು.

ಪ್ರಶ್ನೆ: ಡೈರೆಕ್ಟರೇ ಸತ್ತ ಅಂತ ಒಪ್ಕೊಂಡಿದಾರಂತಲ್ಲ, ಮತ್ತೆ ಇನ್ನೂ ಯಾಕೆ ಜಗಳ?

ಉತ್ತರ: ಡೇವಿಡ್ ಚೇಸ್ ಹೇಳಿರೋದೆಲ್ಲ ಒಟ್ಟಿಗೆ ಇಟ್ಕೊಂಡ್ರೆ ಅಷ್ಟು ಸರಳ ಇಲ್ಲ. 2014ರಲ್ಲಿ ಒಂದು ಲೇಖನದಲ್ಲಿ ಅವರು "ಇಲ್ಲ, ಸತ್ತಿಲ್ಲ" ಅಂದ್ರು ಅಂತ ಬಂತು, ತಕ್ಷಣ ಅವರ ಕಡೆಯಿಂದ ಸ್ಪಷ್ಟನೆ ಬಂತು, ಮಾತನ್ನ ಸಂದರ್ಭದಿಂದ ಕಿತ್ತು ಹಾಕಿದಾರೆ ಅಂತ. ಆಮೇಲೆ ಇಬ್ಬರು ವಿಮರ್ಶಕರ ಜೊತೆ ಪುಸ್ತಕಕ್ಕೆ ಅಂತ ಮಾತಾಡುವಾಗ 'ಸಾವಿನ ಸೀನ್' ಅಂತ ಅವರ ಬಾಯಿಂದಾನೇ ಬಂದ್ಬಿಡ್ತು. 2021ರಲ್ಲಿ ಇನ್ನಷ್ಟು ಬಿಡಿಸಿ ಹೇಳಿದ್ರು, ಮೊದಲು ಅವರ ತಲೇಲಿದ್ದಿದ್ದು ಬೇರೇನೇ ಸೀನಂತೆ. ಪ್ರತಿ ಎಪಿಸೋಡ್ ಶುರುವಲ್ಲೂ ಟೋನಿ ಲಿಂಕನ್ ಟನಲ್‌ನಿಂದ ಹೊರಗೆ ಬಂದು ನ್ಯೂಜೆರ್ಸಿ ಮನೆಗೆ ಕಾರ್ ಓಡ್ಸ್ಕೊಂಡ್ ಹೋಗ್ತಾನಲ್ವಾ, ಕೊನೇಲಿ ಅದೇ ಟನಲ್‌ನಲ್ಲಿ ಉಲ್ಟಾ, ನ್ಯೂಯಾರ್ಕ್ ಕಡೆಗೆ ಒಂದು ಮೀಟಿಂಗಿಗೆ ಹೋಗ್ತಾನೆ, ಅಲ್ಲಿ ಅವನ ಕಥೆ ಮುಗಿಯತ್ತೆ. ಅದನ್ನ ಬಿಟ್ಟು ಈ ಹೋಟ್ಲು ಸೀನಿಗೆ ಬಂದ್ರು.

ನನ್ನ ಅಭಿಪ್ರಾಯ ಕೇಳಿದ್ರೆ, ಈ ಸಂದರ್ಶನಗಳನ್ನ ಸಾಕ್ಷಿ ಅಂತ ಹಿಡ್ಕೊಂಡು ಕೂರ್ಬೇಡಿ. ಒಂದ್ ವೇಳೆ ಅವರು ನಾಳೆ "ಬದುಕಿದಾನೆ" ಅಂದ್ರೂ ಆ ಗಂಟೆ, ಆ ಮುಖ, ಆ ಕಪ್ಪು ಅಲ್ಲೇ ಇರತ್ತೆ. ನಮ್ಮ ಮುಂದಿರೋದು ಸೀನು, ಉತ್ತರ ಅದರೊಳಗೇ ಹುಡುಕ್ಬೇಕು.

ಪ್ರಶ್ನೆ: ಆ ಹೋಟ್ಲಲ್ಲಿ ಕೂತಿದ್ದೋರೆಲ್ಲ ಹಳೇ ಎಪಿಸೋಡ್‌ಗಳಲ್ಲಿ ಬಂದಿರೋ ಶತ್ರುಗಳು, ಜಾಕೆಟ್ ಹಾಕಿರೋನು ನ್ಯೂಯಾರ್ಕ್ ಗ್ಯಾಂಗಿನ ಬಾಸ್ ಫಿಲ್ ಲಿಯೊಟಾರ್ಡೋನ ಸಂಬಂಧಿಕ ಅಂತ ಫ್ರೆಂಡ್ ಒಬ್ಬ ಬೆಟ್ ಕಟ್ತಿದಾನೆ. ನಿಜಾನಾ?

ಉತ್ತರ: ಸುಳ್ಳು, ಬೆಟ್ ನೀವೇ ಗೆದ್ರಿ. 2007ರಲ್ಲೇ ಹಬ್ಬಿದ ಗಾಳಿಸುದ್ದಿ ಇದು. ಕೊನೇ ಹೆಸರುಗಳ ಪಟ್ಟಿಯಲ್ಲಿ ಅವನನ್ನ 'ಮೆಂಬರ್ಸ್ ಓನ್ಲಿ ಜಾಕೆಟ್ ಹಾಕಿರೋ ಗಂಡಸು' (ಮೆಂಬರ್ಸ್ ಓನ್ಲಿ ಅನ್ನೋದು ಜಾಕೆಟ್ ಬ್ರ್ಯಾಂಡ್) ಅಂತ ಅಷ್ಟೇ ಹಾಕಿದಾರೆ, ಹೆಸರೂ ಇಲ್ಲ, ಯಾರ ನೆಂಟನೂ ಅಲ್ಲ.

ಆದ್ರೆ ಆ ಜಾಕೆಟ್ ಸುಮ್ನೆ ಇಟ್ಟಿದ್ದಲ್ಲ. ಆರನೇ ಸೀಸನ್ ಮೊದಲ ಎಪಿಸೋಡಿನ ಹೆಸರೇ 'ಮೆಂಬರ್ಸ್ ಓನ್ಲಿ', ಅದ್ರಲ್ಲಿ ಟೋನಿ ಗ್ಯಾಂಗಿನ ಯೂಜೀನ್ ಅದೇ ಥರ ಜಾಕೆಟ್ ಹಾಕಿರ್ತಾನೆ, ಈ ದಂಧೆ ಬಿಟ್ಟು ಹೋಗ್ತೀನಿ ಅಂತ ಕೇಳ್ತಾನೆ, ಬಿಡಲ್ಲ, ಕೊನೆಗೆ ನೇಣು ಹಾಕ್ಕೋತಾನೆ. ಇನ್ನು ಹೋಟ್ಲಲ್ಲಿರೋ ಈ ಜಾಕೆಟ್ ಗಂಡಸು ಕೌಂಟರಲ್ಲಿ ಕೂತು ಟೋನಿ ಕಡೆ ಒಂದೆರಡು ಸಲ ತಿರುಗಿ ನೋಡಿ ಎದ್ದು ಬಾತ್‌ರೂಮಿಗೆ ಹೋಗ್ತಾನೆ. 1972ರ 'ಗಾಡ್‌ಫಾದರ್' ನೋಡಿರೋರಿಗೆ ಅಲ್ಲೇ ಎದೆ ಧಸಕ್ ಅನ್ನತ್ತೆ, ಮೈಕೆಲ್ ಹೋಟ್ಲು ಬಾತ್‌ರೂಮಿಗೆ ಹೋಗಿ ಅಲ್ಲಿ ಬಚ್ಚಿಟ್ಟಿದ್ದ ಗನ್ ತಗೊಂಡು ಬಂದು ಊಟದ ಟೇಬಲ್ಲಲ್ಲೇ ಇಬ್ಬರನ್ನ ಕೊಲ್ತಾನಲ್ಲ. ಆ ಸಿನಿಮಾನ ಈ ಸೀರೀಸಿನ ಗ್ಯಾಂಗ್‌ಸ್ಟರ್‌ಗಳು ದೇವರ ಕಥೆ ಥರ ಬಾಯಿಪಾಠ ಮಾಡ್ಕೊಂಡಿರೋರು, ಹಾಗಾಗಿ ನಮಗೆ ಹೊಳೆದಿದ್ದು ಟೋನಿಗೆ ಹೊಳೀಬೇಕಿತ್ತು. ಹೊಳೀಲಿಲ್ಲ, ಅವನ ಗಮನ ತಟ್ಟೆ ಮೇಲಿತ್ತು.

ಪ್ರಶ್ನೆ: ಸತ್ತ ಅಂತೀರಿ, ಕೊಂದಿದ್ದು ಯಾರು? ನ್ಯೂಯಾರ್ಕ್‌ನೋರ ಜೊತೆ ರಾಜಿ ಆಗಿತ್ತು, ಫಿಲ್‌ನ ಅವರೇ ಬಿಟ್ಕೊಟ್ರು. ಕಾರಣಾನೇ ಇಲ್ದೆ ಕೊಲೆ ಹೇಗೆ? ನನಗನ್ಸೋದು, ಅವನು ಸಾಯ್ಲಿಲ್ಲ, ಜೀವನಪೂರ್ತಿ ಹೀಗೇ ಬಾಗಿಲು ನೋಡ್ಕೊಂಡು ಹೆದರ್ಕೊಂಡು ಬದುಕ್ಬೇಕು, ಅದೇ ಶಿಕ್ಷೆ ಅಂತ.

ಉತ್ತರ: ನಿಮ್ಮ ಓದು ತುಂಬಾ ಗಟ್ಟಿಯಾದ ಓದು, ನಾನೂ ಎಷ್ಟೋ ದಿನ ಇದನ್ನೇ ನಂಬಿದ್ದೆ. ಪ್ರತಿ ಗಂಟೆಗೂ ಅವನು ತಲೆ ಎತ್ತೋದ್ರಲ್ಲಿ ಆ ಭಯ ಇದ್ದೇ ಇದೆ. ಮತ್ತೆ ಸಾವು ಒಂದೇ ಅಲ್ಲ ಅವನ ಹಿಂದಿರೋದು, ಅವನದೇ ಗ್ಯಾಂಗಿನ ಕಾರ್ಲೋ ಪೊಲೀಸರ ಕಡೆ ತಿರುಗಿಬಿಟ್ಟಿದಾನೆ, ಸಾಕ್ಷಿ ಹೇಳ್ತಾನೆ ಅಂತ ಕಾರ್ಮೆಲಾಗೆ ಟೋನೀನೇ ಹೇಳ್ತಾನೆ, ಅಂದ್ರೆ ಗುಂಡು ತಪ್ಪಿದ್ರೂ ಜೈಲು ಕಾಯ್ತಿದೆ.

ಆದ್ರೂ ನಾನು ಮನಸ್ಸು ಬದಲಾಯಿಸಿದ್ದಕ್ಕೆ ಕಾರಣ ಇದೆ. ಭಯದಲ್ಲೇ ಬದುಕ್ತಾನೆ ಅಂತ ಹೇಳೋದಾಗಿದ್ರೆ ಹಾಡು ಪೂರ್ತಿ ಬಿಟ್ಟು, ಮಗಳು ಬಂದು ಕೂತು, ಮತ್ತೆ ಗಂಟೆ ಹೊಡ್ದು, ಅವನು ಮತ್ತೆ ತಲೆ ಎತ್ತಿದ ಹಾಗೆ ನಿಧಾನಕ್ಕೆ ಕತ್ತಲು ಮಾಡ್ಬಹುದಿತ್ತು. ಇಲ್ಲಿ ಕತ್ತಲು ನಿಧಾನಕ್ಕೆ ಬರಲ್ಲ, ಪದದ ಮಧ್ಯ ಕತ್ತರಿಸಿದ ಹಾಗೆ ಬರತ್ತೆ, ಸದ್ದೂ ಅದ್ರ ಜೊತೇನೇ ಹೋಗತ್ತೆ. ಭಯ ಮುಂದುವರೀತಿದ್ರೆ ಸದ್ದು ಯಾಕೆ ನಿಲ್ಬೇಕು ಹೇಳಿ?

ಯಾರು ಕೊಂದ್ರು ಅನ್ನೋದಕ್ಕೆ ಹೆಸರು ಸೀನಲ್ಲಿಲ್ಲ, ನಾನು ಹುಟ್ಟಿಸಿ ಹೇಳಲ್ಲ. ಆದ್ರೆ ಅದೇ ಎಪಿಸೋಡಲ್ಲಿ ಫಿಲ್ ಸತ್ತಿದ್ದು ಹೇಗೆ ಅಂತ ನೆನಪು ಮಾಡ್ಕೊಳ್ಳಿ. ಪೆಟ್ರೋಲ್ ಬಂಕಲ್ಲಿ ಕಾರಿಂದ ಇಳಿದು ಕಿಟಕಿಯಲ್ಲಿ ಹೆಂಡ್ತಿ ಜೊತೆ ಮಾತಾಡ್ತಾ ನಿಂತಿದ್ದ, ಹಿಂದಿನ ಸೀಟಲ್ಲಿ ಮೊಮ್ಮಕ್ಕಳು, ಮಾತಿನ ಮಧ್ಯಾನೇ ಗುಂಡು. ಅವನಿಗೆ ಏನೂ ಗೊತ್ತಾಗ್ಲಿಲ್ಲ, ಗೊತ್ತಾಗಿದ್ದು ಹೆಂಡ್ತಿಗೆ. ಅದನ್ನ ಮಾಡಿಸಿದ್ದು ಟೋನಿ ಕಡೆಯೋರೇ. ಅದಾದ ಮೇಲೆ ಟೋನಿ ಮನೆಯೋರ ಜೊತೆ ಟೇಬಲ್ಲಲ್ಲಿ ಕೂತಿದ್ದಾಗ ಕಪ್ಪು ಬೀಳತ್ತೆ ಅಂದ್ರೆ ನನಗೆ ಬೇರೆ ಕಾರಣ ಬೇಕಾಗಲ್ಲ. ಕಾರ್ಮೆಲಾ ಏನ್ ನೋಡಿರ್ಬಹುದು ಅಂತ ಯೋಚ್ನೆ ಮಾಡಿದ್ರೆ ಇವತ್ತಿಗೂ ಹೊಟ್ಟೆ ಕಿವುಚಿದ ಹಾಗಾಗತ್ತೆ.

ನನಗೆ ಜಾಸ್ತಿ ಕಾಡೋದು ಇನ್ನೊಂದು. ಹೋಟ್ಲಿಗೆ ಬರೋಕೆ ಸ್ವಲ್ಪ ಮುಂಚೆ ಟೋನಿ ಆಶ್ರಮದಲ್ಲಿರೋ ದೊಡ್ಡಪ್ಪ ಜೂನಿಯರ್‌ನ ನೋಡೋಕೆ ಹೋಗ್ತಾನೆ. ಮುದುಕನಿಗೆ ಇವನ ಗುರುತೇ ಸಿಗಲ್ಲ. ನೀನು, ನಮ್ಮಪ್ಪ, ನೀವಿಬ್ರೂ ಸೇರಿ ಉತ್ತರ ಜೆರ್ಸಿ ಆಳ್ತಿದ್ರಿ ಅಂತ ಟೋನಿ ಹೇಳಿದ್ರೆ, ಹೌದಾ, ಒಳ್ಳೇದಾಯ್ತು ಅನ್ನೋ ಹಾಗೆ ಏನೋ ಅಂತಾನೆ ಅಷ್ಟೆ, ಯಾರದೋ ಕಥೆ ಕೇಳಿದ ಹಾಗೆ. ಯಾವುದಕ್ಕೆ ಅಷ್ಟು ಜನ ಸತ್ರೋ ಅದು ಅವನ ತಲೆಯಲ್ಲೇ ಇಲ್ಲ. ಟೋನಿ ಕಣ್ಣು ತುಂಬ್ಕೊಂಡು ಎದ್ದು ಹೋಗ್ತಾನೆ. ಈ ಸೀನ್ ಆದ್ಮೇಲೆ ಹೋಟ್ಲು ಸೀನ್ ನೋಡಿ, ಸತ್ನಾ ಬದುಕಿದ್ನಾ ಅನ್ನೋ ಪ್ರಶ್ನೆಗಿಂತ ಅಲ್ಲಿ ಅವನ ಹತ್ರ ಏನಿತ್ತು ಅನ್ನೋದು ಕಾಣೋಕೆ ಶುರುವಾಗತ್ತೆ.

ಎಜೆ ಒಂದು ಮಾತು ಹೇಳ್ತಾನೆ, ಒಳ್ಳೆ ಕ್ಷಣಗಳನ್ನ ನೆನಪಿಟ್ಕೋ ಅಂತ ನೀನೇ ಒಂದ್ಸಲ ಹೇಳಿದ್ಯಲ್ಲಪ್ಪಾ ಅಂತ. ಟೋನಿಗೆ ತಾನು ಹಾಗೆ ಹೇಳಿದ್ದೇ ಮರೆತಿರತ್ತೆ. ಮೊದಲ ಸೀಸನ್ ಕೊನೇ ಎಪಿಸೋಡಲ್ಲಿ ಹೊರಗೆ ಬಿರುಗಾಳಿ ಮಳೆ, ಕರೆಂಟಿಲ್ಲ, ಟೋನಿ ಫ್ರೆಂಡ್ ಆರ್ಟಿಯ ಹೋಟ್ಲಲ್ಲಿ ಮೇಣದ ಬತ್ತಿ ಬೆಳಕಲ್ಲಿ ಇದೇ ನಾಲ್ಕು ಜನ ಊಟಕ್ಕೆ ಕೂತಾಗ ಗ್ಲಾಸ್ ಎತ್ತಿ ಹೇಳಿದ್ದು ಅದು. ಅಪ್ಪ ಮರೆತಿದ್ದನ್ನ ಮಗ ಇಟ್ಕೊಂಡಿದಾನೆ. ಅಷ್ಟೂ ಸೀಸನ್ನಲ್ಲಿ ಎಜೆ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಒಂದು ಸಾಲಿಗೆ.

ಪ್ರಶ್ನೆ: ಮಗಳು ಕಾರ್ ಪಾರ್ಕ್ ಮಾಡೋದನ್ನ ಅಷ್ಟು ಹೊತ್ತು ಯಾಕೆ ತೋರಿಸ್ತಾರೆ? ತಲೆ ಕೆಟ್ಟೋಯ್ತು ನೋಡಿ ನೋಡಿ.

ಉತ್ತರ: ತಲೆ ಕೆಡಬೇಕು ಅಂತಾನೇ ಮಾಡಿದಾರೆ. ಮೆಡೋ ಕಾರನ್ನ ಹಿಂದಕ್ಕೆ ತಗೋತಾಳೆ, ಚಕ್ರ ಫುಟ್‌ಪಾತ್ ಅಂಚಿಗೆ ತಾಗತ್ತೆ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಒಳಗಡೆ ಟೇಬಲ್ ಮೇಲೆ ಆನಿಯನ್ ರಿಂಗ್ಸ್ ಬಂದಿದೆ, ಮೂರು ಜನಾನೂ ಒಂದೊಂದನ್ನ ಎತ್ತಿ ಕಚ್ಚದೆ ಇಡಿಯಾಗಿ ಬಾಯಿಗೆ ಹಾಕ್ಕೋತಾರೆ, ಚರ್ಚಲ್ಲಿ ಪ್ರಸಾದ ತಗೊಂಡ ಹಾಗೆ. ಒಳಗೆ ಅಷ್ಟು ನೆಮ್ಮದಿ, ಹೊರಗೆ ಅಷ್ಟು ಒದ್ದಾಟ, ಕಟ್ ಮಾಡಿ ಮಾಡಿ ತೋರಿಸ್ತಾರೆ, ನಮ್ಮ ಕೈ ಬೆವರತ್ತೆ, ಒಂದು ಕಾರ್ ಪಾರ್ಕಿಂಗ್‌ಗೆ!

ಇನ್ನೊಂದು ವಿಷ್ಯ ಗಮನಿಸಿ, ಯಾರ್ ಯಾರು ಎಲ್ಲಿ ಕೂತಿದಾರೆ ಅಂತ. ಕಾರ್ಮೆಲಾ ಟೋನಿ ಎದುರಿಗೆ, ಎಜೆ ಅಮ್ಮನ ಪಕ್ಕ. ಟೋನಿ ಪಕ್ಕದ ಜಾಗ ಮಗಳಿಗೆ ಅಂತ ಖಾಲಿ ಇದೆ. ಅವಳು ಮೊದಲ ಸಲಕ್ಕೇ ಸರಿಯಾಗಿ ಪಾರ್ಕ್ ಮಾಡಿ ಬಂದಿದ್ರೆ ಅಪ್ಪನ ಪಕ್ಕ ಕೂತಿರ್ತಿದ್ಲು, ಆ ಬಾತ್‌ರೂಮಿಂದ ಬರೋನಿಗೂ ಟೋನಿಗೂ ಮಧ್ಯ. ಹಾಗಾಗಿದ್ರೆ ಅವನು ಬದುಕ್ತಿದ್ನೋ, ಅಥವಾ ಅವಳಿಗೇ ಗುಂಡು ಬೀಳ್ತಿತ್ತೋ, ನಾನು ಇದನ್ನ ಎಷ್ಟು ಸಲ ಯೋಚ್ನೆ ಮಾಡಿದೀನೋ ಲೆಕ್ಕ ಇಲ್ಲ. ಕೊನೆಗೂ ಕಾರ್ ನಿಲ್ಸಿ ಇಳೀತಾಳೆ, ರಸ್ತೆ ದಾಟಿ ಬಾಗಿಲ ಕಡೆ ಓಡ್ತಾಳೆ, ಇನ್ನೇನು ಬಂದೇಬಿಟ್ಲು ಅನ್ನೋವಾಗ ಗಂಟೆ ಟಿಣ್ ಅನ್ನತ್ತೆ. ಆ ಸೀಟು ಇನ್ನೂ ಖಾಲೀನೇ ಇದೆ.